ಹಳೇ ಮಾಡೆಲ್ 100ಕ್ಕೆ ಮೆಮೊರಿ ಬೋರ್ಡ್ ಮಾಡುವುದು ಹೇಗೆ

ಚಿಕ್ಕಪ್ಪ ಅಮೆರಿಕದಿಂದ ವಾಪಸ್ ಬರುವಾಗ ತಂದಿದ್ದ ಟಿಆರ್‌ಎಸ್-80 ಮಾಡೆಲ್ 100 ಅನ್ನುವ ಪೋರ್ಟಬಲ್ ಕಂಪ್ಯೂಟರ್ ಒಂದು ತುಮಕೂರಿನ ನಮ್ಮ ಮನೆ ಅಟ್ಟದ ಮೇಲೆ ಹಿತ್ತಾಳೆ ಕೊಳಗಗಳ ಜೊತೆ ವರ್ಷಗಟ್ಟಲೆ ಬಿದ್ದಿತ್ತು. 1983ರ ಯಂತ್ರ, ಜಪಾನಿನ ಕ್ಯೋಸೆರಾ ಮಾಡಿದ್ದು. ನಾಲ್ಕು ಪೆನ್ ಸೆಲ್ ಹಾಕಿದೆ. ಪರದೆ ಮೇಲೆ ಮೆನು ಬಂತು, ಕೆಳಗೆ 5062 ಬೈಟ್ ಖಾಲಿ ಇದೆ ಅಂತ ತೋರಿಸಿತು. ಅಂದರೆ ಇದು 8ಕೆ (8192 ಬೈಟ್) ಮೆಮೊರಿಯ ಮಾಡೆಲ್, ಉಳಿದದ್ದನ್ನು ಯಂತ್ರವೇ ಬಳಸಿಕೊಳ್ಳುತ್ತದೆ. ಇನ್ನೂ ಮೂರು ಮೆಮೊರಿ ಸಾಕೆಟ್ ಒಳಗೆ ಖಾಲಿ ಕೂತಿವೆ. ಹಳೇ ಮಾಡ್ಯೂಲ್ ಹುಡುಕಿಕೊಂಡು ಹೋಗುವುದಕ್ಕಿಂತ ನಾವೇ ಬೋರ್ಡ್ ಮಾಡಿಕೊಳ್ಳುವುದು ವಾಸಿ.

ಶುರು ಮಾಡುವ ಮೊದಲು ಒಂದು ಮಾತು. ಇಂಥ ಹಳೇ ಪೋರ್ಟಬಲ್‌ಗಳಲ್ಲಿ ಲಾಜಿಕ್ ಕಷ್ಟವಲ್ಲ, ಜಾಗ ಮತ್ತು ಕರೆಂಟು ಕಷ್ಟ. ನಾನು ಇದನ್ನು ಉಲ್ಟಾ ತಿಳಿದುಕೊಂಡು ಎರಡು ದಿನ ಸರ್ಕ್ಯೂಟ್ ಬರೆದೆ, ಹತ್ತು ನಿಮಿಷ ಅಳತೆ ತೆಗೆದೆ. ಅದೂ ಸಾಕೆಟ್ಟಿನ ಪಿನ್‌ಗಳನ್ನು ಬೆಸುಗೆ ಕಡೆಯಿಂದ ನೋಡಿ ಬರೆದುಕೊಂಡಿದ್ದೆ. ಆರ್ಡರ್ ಮಾಡಿ ಬಂದ ಐದೂ ಬೋರ್ಡು ಕನ್ನಡಿಯಲ್ಲಿ ನೋಡಿದ ಹಾಗೆ ಎಡಬಲ ತಿರುಗಿದ್ದವು. ಈಗ ಅವುಗಳ ಮೇಲೆ ಕಾಫಿ ಲೋಟ ಇಡುತ್ತೇವೆ.

ಮೊದಲು ಯಂತ್ರ ಬಿಚ್ಚಿ. ಹಿಂದಿನ ಸೆಲ್ ತೆಗೆಯಿರಿ, ಕೆಳಗಡೆ ಇರುವ ಮೆಮೊರಿ ಪವರ್ ಸ್ವಿಚ್ಚನ್ನೂ ಆಫ್ ಮಾಡಿ (ಒಳಗಿರುವ ಫೈಲುಗಳು ಹೋಗುತ್ತವೆ, ಬೇಕಾದ್ದನ್ನು ಮೊದಲೇ ಎತ್ತಿಟ್ಟುಕೊಳ್ಳಿ). ನಾಲ್ಕು ಸ್ಕ್ರೂ ಬಿಚ್ಚಿದರೆ ಎರಡು ಭಾಗ ಆಗುತ್ತದೆ. ಮೇಲಿನದರಲ್ಲಿ ಪರದೆ. ಕೆಳಗಿನದರಲ್ಲಿ ಮುಖ್ಯ ಬೋರ್ಡು. ನಡುವಿನ ಕೇಬಲ್ ಎಳೆಯಬೇಡಿ. ಮೆಮೊರಿ ಉಳಿಸುವ 3.6 ವೋಲ್ಟ್ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಬೋರ್ಡಿಗೇ ಬೆಸುಗೆ ಆಗಿರುತ್ತದೆ, ಸುತ್ತ ಹಸಿರು ಪುಡಿ ಕಂಡರೆ ಅದು ಸೋರಿದೆ ಅಂತಲೇ ಅರ್ಥ. ಸೋರುವುದು ಕ್ಷಾರ, ಹಾಗಾಗಿ ಸ್ವಲ್ಪ ವಿನೆಗರ್‌ನಲ್ಲಿ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ತೊಳೆಯಿರಿ. ಹಳೇ ಬ್ಯಾಟರಿ ತೆಗೆದು ಹೊಸದು ಹಾಕದೆ ಮುಂದಿನ ಕೆಲಸಕ್ಕೆ ಕೈ ಹಾಕಬೇಡಿ.

ಈಗ ಎತ್ತರದ ಅಳತೆ. ಮುಚ್ಚಿದ ಮೇಲೆ ಸಾಕೆಟ್ಟಿನ ಮೇಲೆ ಎಷ್ಟು ಜಾಗ ಉಳಿಯುತ್ತದೆ ಅಂತ ಸ್ಕೇಲ್ ಇಟ್ಟು ನೋಡಲು ಆಗಲ್ಲ, ಅಲ್ವಾ? ಅಡುಗೆ ಮನೆಯಿಂದ ನಿಂಬೆಹಣ್ಣಿನಷ್ಟು ಚಪಾತಿ ಹಿಟ್ಟು ತನ್ನಿ. ತೆಳು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಸಾಕೆಟ್ ಮೇಲಿಡಿ, ಮೇಲಿನ ಭಾಗವನ್ನು ನಿಧಾನವಾಗಿ ಕೂರಿಸಿ ಒತ್ತಿ, ಮತ್ತೆ ತೆಗೆಯಿರಿ. ಚಪ್ಪಟೆಯಾದ ಹಿಟ್ಟಿನ ದಪ್ಪವನ್ನು ವರ್ನಿಯರ್‌ನಲ್ಲಿ ಅಳೆದರೆ ಅದೇ ನಿಮಗೆ ಸಿಕ್ಕ ಎತ್ತರ. ರಾಗಿ ಹಿಟ್ಟು ಬೇಡ, ಬಿರುಕು ಬಿಡುತ್ತದೆ, ನಾನು ನೋಡಿ ಆಗಿದೆ. ಬಂದ ಅಳತೆಯಲ್ಲಿ ಒಂದು ಮಿಲಿಮೀಟರ್ ಕಳೆದೇ ಲೆಕ್ಕ ಹಾಕಿ. ಮಾಮೂಲಿ ಬೋರ್ಡು 1.6 ಮಿ.ಮೀ. ದಪ್ಪ, 0.8 ಮಿ.ಮೀ. ಕೂಡ ಮಾಡಿಸಬಹುದು. ಚಿಪ್ಪುಗಳು ಉದ್ದ ಕಾಲಿನ ಡಿಐಪಿ ಬದಲು ಮೇಲ್ಮೈಗೇ ಬೆಸೆಯುವ ಎಸ್‌ಒಐಸಿ ಆಗಿದ್ದರೆ ಎತ್ತರ ತುಂಬಾ ಉಳಿಯುತ್ತದೆ. ಅವುಗಳ ಕಾಲಿನ ಅಂತರ 1.27 ಮಿ.ಮೀ., ಕೈಯಲ್ಲೇ ಆರಾಮಾಗಿ ಬೆಸೆಯಬಹುದು.

ವರ್ನಿಯರ್ ನನ್ನದಲ್ಲ. ಪಕ್ಕದ ಮನೆ ಅಂಕಲ್ ಇಲ್ಲಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಇದ್ದವರು. ವರ್ನಿಯರ್ ಕೊಟ್ಟು ಕಣ್ಣಿಗೆ ಹಾಕುವ ಲೆನ್ಸನ್ನೂ ಕೊಟ್ಟರು. ಬೋರ್ಡನ್ನು ಸಾಕೆಟ್ಟಿಗೆ ಚುಚ್ಚಲು ನಾನು ತಂದಿದ್ದ ಹೆಡರ್ ಪಿನ್ ತೋರಿಸಿದಾಗ ಕೈಗೆ ತಗೊಂಡು, "ಇದು ಜಾಸ್ತಿ ದಪ್ಪ ಆಯ್ತಲ್ಲಪ್ಪಾ, ಸಾಕೆಟ್ ಅಗಲ ಆಗಿಬಿಡುತ್ತೆ" ಅಂದರು. ನಿಜ. ಚೌಕ ಹೆಡರ್ ಪಿನ್ 0.64 ಮಿ.ಮೀ. ಇರುತ್ತದೆ, ಐಸಿಯ ಕಾಲು ಅದಕ್ಕಿಂತ ತೆಳು. ಹಳೇ ಸಾಕೆಟ್ಟಿಗೆ ಒಮ್ಮೆ ದಪ್ಪ ಪಿನ್ ತುರುಕಿದರೆ ಒಳಗಿನ ತಗಡು ಅಗಲವಾಗಿ, ಆಮೇಲೆ ಮೂಲ ಮಾಡ್ಯೂಲ್ ಹಾಕಿದರೂ ಸಡಿಲ. ತೆಳು ದುಂಡು ಪಿನ್‌ಗಳನ್ನೇ ಕೇಳಿ ತಗೊಳ್ಳಿ. ನಾನು ಭಾನುವಾರ ಬಿಟ್ಟು ಇನ್ಯಾವುದೋ ದಿನ ಬೆಂಗಳೂರಿಗೆ ಹೋಗಿ ಎಸ್‌ಪಿ ರೋಡಿನಲ್ಲಿ ತಂದೆ.

ಇನ್ನು ಸರ್ಕ್ಯೂಟ್. ಮೂಲ 8ಕೆ ಮಾಡ್ಯೂಲಿನಲ್ಲಿ 2ಕೆಯ ನಾಲ್ಕು ಚಿಪ್ಪುಗಳಿವೆ. ಹಾಗಾಗಿ ಸಾಕೆಟ್ಟಿಗೆ ಎ0ರಿಂದ ಎ10ರವರೆಗೆ ಹನ್ನೊಂದೇ ಅಡ್ರೆಸ್ ಗೆರೆ (ಚಿಪ್ಪಿನೊಳಗೆ ಯಾವ ಜಾಗ ಅಂತ ಹೇಳುವ ತಂತಿ) ಬರುತ್ತವೆ, ಜೊತೆಗೆ ಯಾವ ಚಿಪ್ಪು ಅಂತ ಆರಿಸುವ ನಾಲ್ಕು ಚಿಪ್ ಸೆಲೆಕ್ಟ್ ಗೆರೆಗಳು. ಸುಮ್ಮನಿದ್ದಾಗ ನಾಲ್ಕರ ವೋಲ್ಟೇಜೂ ಮೇಲೆ, ಯಾವುದು ಬೇಕೋ ಅದೊಂದು ಕೆಳಗೆ. ನಾವು ಹಾಕುವುದು 6264 ಅನ್ನುವ ಒಂದೇ 8ಕೆ ಚಿಪ್ಪು. ಅದಕ್ಕೆ ಎ11, ಎ12 ಕೂಡ ಬೇಕು, ಚಿಪ್ ಸೆಲೆಕ್ಟ್ ಮಾತ್ರ ಒಂದು ಸಾಕು. ನಾಲ್ಕು ಗೆರೆಗಳಿಗೆ 0, 1, 2, 3 ಅಂತ ಹೆಸರಿಡಿ. ಗೆರೆ 1 ಮತ್ತು 3ನ್ನು ನ್ಯಾಂಡ್ ಮಾಡಿದರೆ (ಒಂದಾದರೂ ಕೆಳಗಿದ್ದರೆ ಮೇಲೆ ಬರುವ ಗೇಟು) ಎ11. ಗೆರೆ 2 ಮತ್ತು 3ನ್ನು ನ್ಯಾಂಡ್ ಮಾಡಿದರೆ ಎ12. ನಾಲ್ಕನ್ನೂ ಆ್ಯಂಡ್ ಮಾಡಿದರೆ (ಒಂದಾದರೂ ಕೆಳಗಿದ್ದರೆ ಕೆಳಗೆ ಬರುವ ಗೇಟು) ಚಿಪ್ ಸೆಲೆಕ್ಟ್. ನ್ಯಾಂಡ್‌ಗೆ ಒಂದು 74ಎಚ್‌ಸಿ00 ಚಿಪ್ಪು, ಆ್ಯಂಡ್‌ಗೆ ಒಂದು 74ಎಚ್‌ಸಿ21, ಅಷ್ಟೇ. ಪ್ರೊಸೆಸರ್ 80ಸಿ85 ಓಡುವುದು 2.4576 ಮೆಗಾಹರ್ಟ್ಸ್‌ನಲ್ಲಿ, ಒಂದು ಕ್ಲಾಕ್ ಅಂದರೆ ಸುಮಾರು 407 ನ್ಯಾನೊಸೆಕೆಂಡ್, ಹಾಗಾಗಿ ಗೇಟುಗಳ ತಡದ ಬಗ್ಗೆ ತಲೆ ಕೆಡಿಸಿಕೊಳ್ಳುವುದೇ ಬೇಡ.

ಎಚ್‌ಸಿ ಜಾತಿಯ ಚಿಪ್ಪೇ ಅಂತ ಬರೆದದ್ದು ಸುಮ್ನೆ ಅಲ್ಲ. ಯಂತ್ರ ಆಫ್ ಆದಾಗ ಮೆಮೊರಿ ಆ 3.6 ವೋಲ್ಟ್ ಬ್ಯಾಟರಿಯಲ್ಲಿ ಬದುಕಿರಬೇಕು, ಅದರ ಶಕ್ತಿ 50 ಮಿಲಿಆಂಪ್ ಅವರ್ ಮಾತ್ರ. ಗೇಟುಗಳೂ ಅದೇ ಗೆರೆಯಿಂದ ಕರೆಂಟು ತಗೊಳ್ಳಬೇಕು, ಇಲ್ಲದಿದ್ದರೆ ಆಫ್ ಆದ ಕ್ಷಣ ಚಿಪ್ ಸೆಲೆಕ್ಟ್ ಗಾಳಿಯಲ್ಲಿ ತೇಲಿ ಡೇಟಾ ಕೆಡುತ್ತದೆ. ಹಳೇ ಎಲ್‌ಎಸ್ ಚಿಪ್ಪು ಹಾಕಿದರೆ ಮಿಲಿಆಂಪ್ ಲೆಕ್ಕದಲ್ಲಿ ಕುಡಿಯುತ್ತದೆ, 2 ಮಿಲಿಆಂಪ್ ಅಂದರೂ 25 ಗಂಟೆಗೆ ಬ್ಯಾಟರಿ ಖಾಲಿ. ಎಚ್‌ಸಿಟಿ ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅದಕ್ಕೆ 4.5 ವೋಲ್ಟಾದರೂ ಬೇಕು. ಎಚ್‌ಸಿ 2 ವೋಲ್ಟಿನಿಂದ 6ರವರೆಗೆ ಕೆಲಸ ಮಾಡುತ್ತದೆ. 6264 ಕೊಳ್ಳುವಾಗಲೂ ಕಡಿಮೆ ಕರೆಂಟಿನ ಜಾತಿಯದೇ ಬೇಕು, ಹೆಸರಿನ ಕೊನೆಯಲ್ಲಿ ಎಲ್ ಅಕ್ಷರ ಇರುವಂಥದ್ದು. ಡೇಟಾಶೀಟ್‌ನಲ್ಲಿ ಸ್ಟ್ಯಾಂಡ್‌ಬೈ ಕರೆಂಟು ನೋಡಿಯೇ ದುಡ್ಡು ಕೊಡಿ.

ಬೋರ್ಡ್ ಬಿಡಿಸಲು ಕಿಕ್ಯಾಡ್ ಅನ್ನುವ ಸಾಫ್ಟ್‌ವೇರ್ ಸಾಕು, ಉಚಿತ. ಗೆರೆಗಳು ಒಂದರ ಮೇಲೊಂದು ಹಾಯ್ದು ಗೋಜಲಾದರೆ ಒಂದು ಉಪಾಯ ಇದೆ: ರ‍್ಯಾಮ್‌ನಲ್ಲಿ ಅಡ್ರೆಸ್ ಪಿನ್‌ಗಳನ್ನು ತಮ್ಮತಮ್ಮಲ್ಲೇ ಅದಲುಬದಲು ಮಾಡಬಹುದು, ಡೇಟಾ ಪಿನ್‌ಗಳನ್ನೂ ಹಾಗೇ. ಎಲ್ಲಿ ಬರೆದರೋ ಅಲ್ಲಿಂದಲೇ ಓದುತ್ತೀರಲ್ಲ, ಒಳಗೆ ಯಾವ ಮೂಲೆಯಲ್ಲಿ ಕೂತರೆ ನಮಗೇನು. ರ‍್ಯಾಮ್ ಅಂದರೆ ಬರೆದು ಓದುವ ಮೆಮೊರಿ, ರೋಮ್ ಅಂದರೆ ಮೊದಲೇ ಬರೆದಿಟ್ಟ, ಓದಲಷ್ಟೇ ಆಗುವ ಮೆಮೊರಿ. ರೋಮ್‌ಗೆ ಈ ಆಟ ನಡೆಯಲ್ಲ. ಪ್ರತಿ ಚಿಪ್ಪಿನ ಪಕ್ಕ ಒಂದು 104 (0.1 ಮೈಕ್ರೋಫ್ಯಾರಡ್) ಕೆಪಾಸಿಟರ್ ಇಡಿ. 1ನೇ ಪಿನ್ ಯಾವುದು, ಯಾವ ಮುಖ ಮೇಲೆ ಅಂತ ಬೋರ್ಡ್ ಮೇಲೆಯೇ ಅಚ್ಚಾಗಲಿ.

ಆರ್ಡರ್ ಮಾಡುವ ಮೊದಲು ಡ್ರಾಯಿಂಗ್ ಪ್ರಿಂಟ್ ತೆಗೆಸಿ. ಅಂಗಡಿಯಲ್ಲಿ ಆಕ್ಚುಯಲ್ ಸೈಜ್ ಅಂತ ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಪುಟಕ್ಕೆ ಹೊಂದಿಸಿ ಕುಗ್ಗಿಸಿಬಿಡುತ್ತಾರೆ. ಅದನ್ನು ಹಳೇ ಲಗ್ನಪತ್ರಿಕೆ ಮೇಲೆ ಅಂಟಿಸಿ, ಕತ್ತರಿಸಿ, ಪಿನ್‌ಗಳನ್ನು ಚುಚ್ಚಿ ಸಾಕೆಟ್ ಮೇಲಿಟ್ಟು ನೋಡಿ. ನಾನು ಇದನ್ನು ಮೊದಲೇ ಮಾಡಿದ್ದರೆ ಕಾಫಿ ಲೋಟಕ್ಕೆ ಬೇರೆ ಏನಾದರೂ ಹುಡುಕಬೇಕಾಗಿತ್ತು.

ಬೆಸುಗೆ ಆದ ತಕ್ಷಣ ಯಂತ್ರಕ್ಕೆ ಹಾಕಬೇಡಿ. 1.2 ವೋಲ್ಟಿನ ಮೂರು ರೀಚಾರ್ಜ್ ಸೆಲ್ ಸೇರಿಸಿದರೆ 3.6 ವೋಲ್ಟ್ ಆಯಿತು. ಸೆಲೆಕ್ಟ್ ಗೆರೆ ನಾಲ್ಕನ್ನೂ ಪ್ಲಸ್‌ಗೆ, ಅಡ್ರೆಸ್ಸುಗಳನ್ನು ಗ್ರೌಂಡಿಗೆ ಕಟ್ಟಿ, ನಡುವೆ ಮೀಟರ್ ಮೈಕ್ರೋಆಂಪ್‌ನಲ್ಲಿಟ್ಟು ನೋಡಿ. ನನಗೆ 140 ತೋರಿಸಿತು. ಚಿಪ್ಪು ನಕಲಿ ಇರಬೇಕು ಅಂತ ಬೈದುಕೊಂಡೆ. ತಪ್ಪು ನನ್ನದೇ: 74ಎಚ್‌ಸಿ00ಯಲ್ಲಿ ಉಪಯೋಗಿಸದ ಎರಡು ಗೇಟುಗಳ ಒಳಮುಖಗಳನ್ನು ಹಾಗೇ ಬಿಟ್ಟಿದ್ದೆ. ಅವನ್ನು ಗ್ರೌಂಡಿಗೆ ಸೇರಿಸಿದ ಮೇಲೆ 3ಕ್ಕೆ ಇಳಿಯಿತು.

ಈಗ ಬೋರ್ಡ್ ಕೂರಿಸಿ, ಸೆಲ್ ಹಾಕಿ, ಮೆಮೊರಿ ಸ್ವಿಚ್ ಆನ್ ಮಾಡಿ. ಮೆನುವಿನಲ್ಲಿ 13254 ಬಂದರೆ ಸರಿಯಾಗಿದೆ. ಇನ್ನೂ 5062ರಲ್ಲೇ ನಿಂತಿದ್ದರೆ ಸಾಕೆಟ್ ತಪ್ಪಿರಬಹುದು: ಈ ಯಂತ್ರದಲ್ಲಿ ರ‍್ಯಾಮ್ ಮೇಲಿನ ತುದಿಯಿಂದ ಕೆಳಕ್ಕೆ ಬೆಳೆಯುತ್ತದೆ, ನಡುವೆ ಖಾಲಿ ಬಿಟ್ಟರೆ ಮುಂದಿನದು ಲೆಕ್ಕಕ್ಕೆ ಬರಲ್ಲ. ಎ11, ಎ12 ನಿಜವಾಗಿ ಕೆಲಸ ಮಾಡುತ್ತಿವೆಯೇ ನೋಡಲು ಬೇಸಿಕ್‌ಗೆ ಹೋಗಿ 50152, 52200, 54248, 56296 ಈ ನಾಲ್ಕು ಜಾಗಗಳಿಗೆ 1, 2, 3, 4 ಪೋಕ್ ಮಾಡಿ (ಅಂದರೆ ಬರೆಯಿರಿ), ಆಮೇಲೆ ನಾಲ್ಕನ್ನೂ ಪೀಕ್ ಮಾಡಿ (ಅಂದರೆ ಓದಿ). ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಕಂಡರೆ ಯಾವುದೋ ನ್ಯಾಂಡ್ ಗೇಟಿನ ಕಾಲು ಬೆಸುಗೆ ಹಿಡಿದಿಲ್ಲ, ಲೆನ್ಸ್ ಹಾಕಿ ಹುಡುಕಿ. ಉಳಿದ ಎರಡು ಸಾಕೆಟ್ಟಿಗೂ ಇದೇ ಬೋರ್ಡು, ಮೂರೂ ತುಂಬಿದ ಮೇಲೆ ಮೆನು 29638 ತೋರಿಸಬೇಕು.