ಕಳೆ ಅಂತ ಕಿತ್ತ ಸಸಿ

ಮಾರಿಷಸ್‌ನ ಆಗ್ನೇಯ ಕರಾವಳಿಯ ಎದುರಿಗೆ ಇಲ್ ಓ ಜೆಗ್ರೆತ್ ಅಂತ ಒಂದು ಪುಟ್ಟ ದ್ವೀಪವಿದೆ. ಬರೀ 26 ಹೆಕ್ಟೇರ್. ಕಾಲ ಕೆಳಗೆ ಮಣ್ಣಿಗಿಂತ ಹವಳದ ಕಲ್ಲೇ ಜಾಸ್ತಿ. ಒಂದು ಕಾಲಕ್ಕೆ ಮಾರಿಷಸ್ ಕರಾವಳಿಯಲ್ಲಿದ್ದ, ಎಬೊನಿ ಅನ್ನುವ ಕಪ್ಪು ತಿರುಳಿನ ಮರದ ಒಣ ಕಾಡು ಇಲ್ಲಿ ಒಂದಿಷ್ಟು ಉಳಿದಿದೆ. 1965ರಿಂದ ಇದು ರಕ್ಷಿತ ಪ್ರದೇಶ. ನಾನು ಅಲ್ಲಿ ಸ್ವಯಂಸೇವೆಗೆ ಹೋಗಿದ್ದೆ.

ಹೋಗುವಾಗ ನನ್ನ ತಲೆ ತುಂಬ ಗುಲಾಬಿ ಪಾರಿವಾಳವೇ ಇತ್ತು. 1990ರ ಹೊತ್ತಿಗೆ ಕಾಡಿನಲ್ಲಿ ಸುಮಾರು 10 ಮಾತ್ರ ಉಳಿದಿದ್ದ ಹಕ್ಕಿ ಅದು. ಈಗ ನಾನೂರಕ್ಕೂ ಹೆಚ್ಚಿವೆ. ಆದರೆ ನನ್ನ ದಿನ ಕಳೆದದ್ದು ಕಳೆ ಕೀಳುವುದರಲ್ಲಿ. ಅದಕ್ಕೆ ಬೇಜಾರಿಲ್ಲ. ಹಕ್ಕಿಗೆ ಕೂರಲು, ತಿನ್ನಲು ಅದರದ್ದೇ ಮರ ಬೇಕಲ್ವಾ?

ದೋಣಿ ಹತ್ತುವ ಮೊದಲೇ ಕೆಲಸ ಶುರು. ಶೂ ಉಜ್ಜಬೇಕು, ಚೀಲ ಕೊಡವಬೇಕು, ಕಾಲ್ಚೀಲದಲ್ಲಿ ಅಂಟಿದ ಬೀಜ ಒಂದೊಂದಾಗಿ ತೆಗೆಯಬೇಕು. ದ್ವೀಪದಲ್ಲಿ ನಾವೆಲ್ಲ ಸಾಲಾಗಿ ನಿಂತು ಮುಂದಕ್ಕೆ ಹೋಗುತ್ತಿದ್ದೆವು. ನಾವು ಕೀಳುತ್ತಿದ್ದದ್ದು ಹೊರಗಿನಿಂದ ಬಂದು ಹಬ್ಬಿದ ಗಿಡಗಳನ್ನು. ಅದರಲ್ಲಿ ಸುಬಾಬುಲ್ ನೋಡಿದ ತಕ್ಷಣ ಗುರುತಾಯಿತು. ಸಣ್ಣದಿದ್ದರೆ ಬೇರು ಸಮೇತ ಎಳೆಯಬೇಕು. ದೊಡ್ಡದಿದ್ದರೆ ಬುಡಕ್ಕೆ ಕಡಿದು, ಮೋಟು ಹಸಿ ಇರುವಾಗಲೇ ಕಳೆನಾಶಕ ಸವರಬೇಕು. ಸ್ವಲ್ಪ ತಡವಾದರೂ ಮತ್ತೆ ಚಿಗುರುತ್ತದೆ. ಕಡಿದರೂ ಅದರ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುತ್ತದೆ. ಹಾಗಾಗಿ ಅದೇ ಜಾಗಕ್ಕೆ ಮತ್ತೆ ಮತ್ತೆ ಬರಲೇಬೇಕು.

ಎರಡನೇ ವಾರ ನಾನೊಂದು ತಪ್ಪು ಮಾಡಿದೆ. ಒಂದು ಮರದ ಕೆಳಗೆ ಉದ್ದುದ್ದ, ಪಟ್ಟಿಯಂಥ ಎಲೆಯ ಸಸಿಗಳಿದ್ದವು. ಎಲೆಯ ನಡುವೆ ಕೆಂಪು ಗೆರೆ. ಸುತ್ತಲಿನ ಯಾವ ಮರದ ಎಲೆಯೂ ಹಾಗಿರಲಿಲ್ಲ. ಹೊರಗಿನದ್ದು ಅಂದುಕೊಂಡು ಮೂರು ಕಿತ್ತುಬಿಟ್ಟೆ. ಪಕ್ಕದಲ್ಲಿದ್ದ ಸ್ಥಳೀಯ ಹಿರಿಯಾಕೆ ನನ್ನ ಕೈ ಹಿಡಿದು ನಿಲ್ಲಿಸಿದರು. ಬೈಯಲಿಲ್ಲ. ತಲೆ ಮೇಲಿನ ಕೊಂಬೆ ಬಗ್ಗಿಸಿ, ಅಗಲವಾದ ದಪ್ಪ ಎಲೆ ತೋರಿಸಿ, "ಇದರ ಮಗು ಅದು" ಅಂದರು. ಅದು ಬ್ವಾ ದೊಲಿವ್, ಇಲ್ಲಿನದ್ದೇ ಮರ. ಎಳೆಯದಿದ್ದಾಗ ಒಂದು ಎಲೆ, ಬೆಳೆದ ಮೇಲೆ ಇನ್ನೊಂದು. ಈ ಭಾಗದ ದ್ವೀಪಗಳ ಹಲವು ಗಿಡಗಳು ಹೀಗೇ ಇವೆ. ಹಿಂದೆ ಇಲ್ಲಿ ದೈತ್ಯ ಆಮೆಗಳಿದ್ದವು. ಅವುಗಳ ಬಾಯಿಂದ ತಪ್ಪಿಸಿಕೊಳ್ಳಲು ಗಿಡಗಳು ಹೀಗೆ ಬೆಳೆಯುತ್ತವೆ ಎನ್ನುವ ವಾದವಿದೆ. ಆಮೆಯಿಂದ ತಪ್ಪಿಸಿಕೊಳ್ಳುವುದನ್ನು ಕಲಿತ ಸಸಿಗಳು ನನ್ನ ಕೈಗೆ ಸಿಕ್ಕಿದ್ದವು. ಅವತ್ತು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಮಾರನೇ ದಿನ ಒಂದು ನೋಟ್‌ಬುಕ್ ಮಾಡಿದೆ. ಒಂದೊಂದು ಜಾತಿಗೂ ಎರಡು ಚಿತ್ರ, ಎಳೆಯ ಎಲೆ ಮತ್ತು ಬೆಳೆದ ಎಲೆ. ಗೊತ್ತಿಲ್ಲದ ಸಸಿ ಕಂಡರೆ ಕೀಳುವುದಿಲ್ಲ, ಪಕ್ಕದಲ್ಲಿ ಬಣ್ಣದ ಪಟ್ಟಿ ಕಟ್ಟಿ ಕೇಳುತ್ತೇನೆ. ಇಂಥ ಕೆಲಸಕ್ಕೆ ಹೊಸದಾಗಿ ಹೋಗುವವರಿಗೆ ನಾನು ಮೊದಲು ಹೇಳುವುದೂ ಇದನ್ನೇ. ಮೊದಲ ವಾರ ಕತ್ತಿ ಮುಟ್ಟಬೇಡಿ, ನರ್ಸರಿಯಲ್ಲಿ ಕೂತು ಸಸಿ ಗುರುತಿಸಲು ಕಲಿಯಿರಿ.

ಮಾರಿಷಸ್‌ನದ್ದೇ ಆದ ದೈತ್ಯ ಆಮೆಗಳು ಅಳಿದುಹೋಗಿವೆ. ಅವುಗಳ ಕೆಲಸ ಮಾಡಲಿ ಅಂತ 2000ದಲ್ಲಿ ಅಲ್ಡಾಬ್ರಾ ಜಾತಿಯ (ಸೇಶೆಲ್ಸ್‌ನ ಅಲ್ಡಾಬ್ರಾ ದ್ವೀಪ ಮೂಲದ) ದೈತ್ಯ ಆಮೆಗಳನ್ನು ಇಲ್ಲಿಗೆ ತಂದರು. ಕೆಳಗೆ ಬಿದ್ದ ಎಬೊನಿ ಹಣ್ಣನ್ನು ಅವು ನುಂಗುತ್ತವೆ. ದೂರ ಹೋಗಿ ಬೀಜ ಹೊರಹಾಕುತ್ತವೆ. ಆಮೆಯ ಹೊಟ್ಟೆ ದಾಟಿ ಬಂದ ಬೀಜ ಚೆನ್ನಾಗಿ ಮೊಳೆಯುತ್ತದೆ. ಹಣ್ಣು ತಾಯಿಮರದ ಬುಡದಲ್ಲೇ ಸುಮ್ನೆ ಕೊಳೆಯುತ್ತಿದ್ದ ಕಾಡಿಗೆ ಇದು ದೊಡ್ಡ ವಿಷಯ.

ಆಮೆಯ ಹಿಕ್ಕೆ ಒಣಗಿದ ಮೇಲೆ ಹುಲ್ಲಿನ ನಾರಿನ ಉಂಡೆಯಂತಿರುತ್ತದೆ. ಅದನ್ನು ಬೆರಳಲ್ಲಿ ಬಿಡಿಸಿದರೆ ನುಣ್ಣಗಿನ ಕಂದು ಬೀಜ ಸಿಗುತ್ತದೆ. ಒಂದು ಉಂಡೆಯಿಂದ ನಾಲ್ಕು ಬೀಜ ತೆಗೆದು ನರ್ಸರಿಯ ಟ್ರೇಯಲ್ಲಿಟ್ಟು, ತಾರೀಕು ಬರೆದೆ. ದಿನಾ ಬೆಳಿಗ್ಗೆ ಮೊದಲು ನೋಡುತ್ತಿದ್ದದ್ದು ಅದನ್ನೇ. ಎಷ್ಟೋ ವಾರಗಳಾದ ಮೇಲೆ ಒಂದು ಬೀಜ ಬಿರಿದು ಬೇರು ಇಳಿದಿತ್ತು. ಹಿರಿಯಾಕೆಯನ್ನು ಕೂಗಿ ಕರೆದೆ. ಅವರು ಬಗ್ಗಿ ನೋಡಿ, ನನ್ನ ನೋಟ್‌ಬುಕ್ ತೆಗೆದುಕೊಂಡು, ಎಬೊನಿಯ ಪುಟದಲ್ಲಿ ಖಾಲಿ ಬಿಟ್ಟಿದ್ದ ಎಳೆಯ ಎಲೆಯ ಜಾಗಕ್ಕೆ ಬೆರಳಿಟ್ಟು ನಕ್ಕರು.