ಹಳೇ ಮೋಟರ್‌ಹೋಮ್ ಕೊಳ್ಳುವ ಮುಂಚೆ ಸೂರು ಒತ್ತಿ ನೋಡಿ

ಬಾಗಿಲು ತೆಗೆದ ಕೂಡಲೇ ಮುಗ್ಗಲು ವಾಸನೆ ಬಂತು. ಮಳೆಗಾಲದಲ್ಲಿ ಮುಚ್ಚಿಟ್ಟ ಅಟ್ಟದ ವಾಸನೆ. ತೀರ್ಥಹಳ್ಳಿ ಕಡೆ ಹುಟ್ಟಿ ಬೆಳೆದವನಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೂ ಅವತ್ತು ನಾನು ಮೂಗಿನ ಮಾತು ಕೇಳಲಿಲ್ಲ. ಮೋಟರ್‌ಹೋಮ್, ಅಂದರೆ ಮನೆಯನ್ನೇ ಹೊತ್ತು ಓಡುವ ಗಾಡಿ, ಅಷ್ಟು ಚೆನ್ನಾಗಿ ಕಾಣುತ್ತಿತ್ತು. ಹೊರಗೆ ಹೊಸ ಬಿಳಿ ಬಣ್ಣ, ಕಿತ್ತಳೆ ಪಟ್ಟೆ. ಒಳಗೆ ಹೊಸ ಪರದೆ, ಪುಟ್ಟ ಒಲೆ, ಊಟದ ಮೇಜು. ಮಕ್ಕಳಿಬ್ಬರೂ ಆಗಲೇ ಡ್ರೈವರ್ ಕೂರುವ ಕ್ಯಾಬಿನ ಮೇಲಿನ ಹಾಸಿಗೆ ಹತ್ತಿ ಕೂತಿದ್ದರು. ಮಾರುವವರು ಎಂಜಿನ್ ಚಾಲೂ ಮಾಡಿದರು. ಸದ್ದು ಸೊಗಸಾಗಿತ್ತು. ನಾನು ಚೆಕ್ ಬರೆಯಲು ತಯಾರಾಗಿದ್ದೆ.

ಮಕ್ಕಳನ್ನು ಇಳಿಸಲು ನನ್ನ ಹೆಂಡತಿ ಮೇಲೆ ಕೈಚಾಚಿದಳು. ಆಸರೆಗೆ ಮೂಲೆಯ ಗೋಡೆ ಹಿಡಿದಳು. ಹೆಬ್ಬೆರಳು ಒಳಗೇ ಹೋಯಿತು. “ರೀ, ಇಲ್ಲಿ ಮುಟ್ಟಿ ನೋಡಿ,” ಅಂದಳು. ಹೊಸ ಬಣ್ಣದ ಕೆಳಗಿನ ಪ್ಲೈವುಡ್ ಪೂರ್ತಿ ಕುಂಬಾಗಿತ್ತು. ಟೀಯಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಕೈಗೆ ಬಂತು.

ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ. ವಾರದ ಕೊನೆಗೆ ಮಕ್ಕಳನ್ನು ಕರೆದುಕೊಂಡು ಕಡಲ ಕಡೆ, ಬೆಟ್ಟದ ಕಡೆ ಹೋಗಿ ಒಂದೆರಡು ರಾತ್ರಿ ಉಳಿಯಬೇಕು ಅನ್ನುವುದು ನಮ್ಮ ಬಹಳ ದಿನದ ಆಸೆ. ಹೊಸ ಮೋಟರ್‌ಹೋಮಿನ ಬೆಲೆ ನಮ್ಮ ಕೈಗೆ ಎಟುಕುವಂಥದ್ದಲ್ಲ. ಹದಿನಾಲ್ಕು ಸಾವಿರ ಡಾಲರ್ ಕೂಡಿಟ್ಟಿದ್ದೆವು. ರಿಪೇರಿಯೂ ಅದರಲ್ಲೇ ಆಗಬೇಕಿತ್ತು.

ಹುಡುಕುತ್ತಾ ಹೋದಾಗ ಟೊಯೊಟಾ ಪುಟ್ಟ ಮೋಟರ್‌ಹೋಮ್‌ಗಳ ಮೇಲೆ ಮನಸ್ಸಾಯಿತು. ಇವನ್ನು ಟೊಯೊಟಾ ಪೂರ್ತಿಯಾಗಿ ಕಟ್ಟಿದ್ದಲ್ಲ. ಪಿಕಪ್ಪಿನ ಮುಂಭಾಗ, ಎಂಜಿನ್, ಚಾಸಿ (ಅಡಿಯ ಚೌಕಟ್ಟು) ಟೊಯೊಟಾದ್ದು. ಅದರ ಮೇಲೆ ಮನೆ ಕಟ್ಟಿದ್ದು ಅಮೆರಿಕದ ಬೇರೆ ಬೇರೆ ಕಂಪನಿಗಳು. ಡಾಲ್ಫಿನ್, ಸನ್‌ರೇಡರ್, ಚಿನೂಕ್ ಅಂತೆಲ್ಲ ಹೆಸರು. 1970ರ ದಶಕದಲ್ಲಿ ಶುರುವಾಗಿ 1990ರ ದಶಕದ ಮೊದಲ ವರ್ಷಗಳವರೆಗೂ ಬಂದವು. ಹೆಚ್ಚಿನವು 18ರಿಂದ 21 ಅಡಿ ಉದ್ದ, ಹಾಗಾಗಿ ನಮ್ಮ ಮನೆ ಮುಂದಿನ ಜಾಗದಲ್ಲೇ ನಿಲ್ಲುತ್ತವೆ. ಮಾಮೂಲಿ ಲೈಸೆನ್ಸ್ ಸಾಕು. 2.4 ಲೀಟರಿನ 22ಆರ್‌ಇ ಎಂಜಿನ್ನಿಗೆ ಗಟ್ಟಿ ಅನ್ನುವ ಹೆಸರಿದೆ, ಬಿಡಿಭಾಗ ಇವತ್ತಿಗೂ ಸಿಗುತ್ತವೆ.

ಎಂಜಿನ್ ಗಟ್ಟಿ ಅಂತ ಎಲ್ಲರೂ ಹೇಳುತ್ತಾರಲ್ಲ, ಅದಕ್ಕೇ ಮೊದಲ ಸಲ ಕೊಳ್ಳುವವರು ಎಂಜಿನ್ ಮಾತ್ರ ನೋಡಿ ಬರುತ್ತಾರೆ. ನಾನೂ ಹಾಗೇ ಹೋಗಿದ್ದೆ. ಎಂಜಿನ್ ಕೆಟ್ಟರೆ ಬಿಚ್ಚಿ ಸರಿ ಮಾಡುವ ಗ್ಯಾರೇಜು ಪ್ರತಿ ಊರಲ್ಲೂ ಇದೆ. ಸೂರು ಸೋರಿ ಒಳಗಿನ ಮರದ ಚೌಕಟ್ಟು ಕುಂಬಾದರೆ ಹೊರಗಿನ ಹೊದಿಕೆ ಕಿತ್ತು, ಗೋಡೆ ಬಿಚ್ಚಿ ಹೊಸದಾಗಿ ಕಟ್ಟಬೇಕು. ಅದಕ್ಕೆ ಕೈಹಾಕುವವರು ಕಮ್ಮಿ. ಸಿಕ್ಕರೂ ಕೂಲಿ ಗಾಡಿಯ ಬೆಲೆ ದಾಟುತ್ತದೆ.

ಆ ಮೊದಲ ಗಾಡಿಯ ನಂತರ ನಾನು ನೋಡುವ ರೀತಿಯೇ ಬದಲಾಯಿತು. ಮೂವತ್ತು ಡಾಲರಿಗೆ ತೇವ ಅಳೆಯುವ ಮೀಟರ್ ತಂದೆ. ಎರಡು ಮುಳ್ಳುಗಳನ್ನು ಮರಕ್ಕೆ ಚುಚ್ಚಿದರೆ ಶೇಕಡಾ ಎಷ್ಟು ತೇವ ಅಂತ ತೋರಿಸುತ್ತದೆ. ಗಾಡಿಯೊಳಗಿನ ಒಣ ಮರ 15ರೊಳಗೆ ಇರಬೇಕು. 20 ದಾಟಿದರೆ ನೀರು ಎಲ್ಲಿಂದಲೋ ಬರುತ್ತಿದೆ ಅಂತ ಲೆಕ್ಕ. ಮೀಟರ್ ಚುಚ್ಚಲು ಮಾರುವವರ ಒಪ್ಪಿಗೆ ಕೇಳಬೇಕು. ಬೇಡ ಅಂದರೆ ಹೆಬ್ಬೆರಳೇ ಸಾಕು. ಕ್ಯಾಬಿನ ಮೇಲಿನ ಹಾಸಿಗೆ ಎತ್ತಿಸಿ, ಅದರ ಕೆಳಗಿನ ಹಲಗೆಯ ನಾಲ್ಕೂ ಮೂಲೆ ಒತ್ತಿ. ಕಿಟಕಿಗಳ ಕೆಳಗೆ, ಸೂರಿನ ಗಾಳಿಕಿಂಡಿಯ ಸುತ್ತ, ಬಚ್ಚಲಿನ ಮೂಲೆಯಲ್ಲಿ, ಹಿಂದಿನ ಗೋಡೆಯ ಬುಡದಲ್ಲಿ ಒತ್ತಿ. ಬೆರಳಿನ ಗೆಣ್ಣಿನಿಂದ ಬಡಿಯುತ್ತಾ ಹೋಗಿ. ಗಟ್ಟಿ ಸದ್ದು ಬರುತ್ತಿದ್ದದ್ದು ಒಮ್ಮೆಲೇ ಮೆತ್ತಗಾದರೆ ಅಲ್ಲಿ ನಿಲ್ಲಿ. ಗೋಡೆಯ ಕಾಗದ ಅಲೆಅಲೆಯಾಗಿದ್ದರೆ, ಒಂದು ಮೂಲೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಯಾಕೆ ಅಂತ ಕೇಳಿ. ಹೊರಗೆ ಬಂದು ಗಾಡಿಯ ಹಿಂದಿನ ಮೂಲೆಗೆ ಕೆನ್ನೆ ತಾಗಿಸಿ ಪಕ್ಕದ ಗೋಡೆಯ ಉದ್ದಕ್ಕೂ ಕಣ್ಣು ಹಾಯಿಸಿ. ಉಬ್ಬಿದ್ದರೆ ಹೊದಿಕೆ ಒಳಗಿನ ಮರ ಬಿಟ್ಟು ಎದ್ದಿದೆ. ಸಾಧ್ಯವಾದರೆ ಮಳೆ ಬಂದ ಮರುದಿನ ನೋಡಲು ಹೋಗಿ. ನಾನು ಕಲಿತದ್ದರಲ್ಲಿ ಇದು ಎಲ್ಲಕ್ಕಿಂತ ಉಪಯೋಗಕ್ಕೆ ಬಂತು.

ಸನ್‌ರೇಡರಿನ ಮೈ ಎರಡು ದೊಡ್ಡ ಫೈಬರ್‌ಗ್ಲಾಸ್ ಚಿಪ್ಪುಗಳನ್ನು ಜೋಡಿಸಿ ಮಾಡಿದ್ದು. ಜೋಡಣೆಯ ಸಾಲು ಕಮ್ಮಿ, ಸೋರುವ ಜಾಗವೂ ಕಮ್ಮಿ. ಅದರ ಬೆಲೆ ಜಾಸ್ತಿ ಇರುವುದು ಸುಮ್ನೆ ಅಲ್ಲ. ನನ್ನ ದುಡ್ಡಿಗೆ ಅದು ಸಿಗಲಿಲ್ಲ.

ಎರಡನೇ ಗಾಡಿ ಮೊಡೆಸ್ಟೊದಲ್ಲಿತ್ತು. 1982ರದ್ದು. ಸೂರು ಒಣಗಿತ್ತು, ಮೀಟರ್ ಎಲ್ಲೂ 12 ದಾಟಲಿಲ್ಲ. ಖುಷಿಯಾಯಿತು. ಆಮೇಲೆ ಹಿಂದಿನ ಚಕ್ರದ ಬಳಿ ಕೂತು ನಟ್ ಎಣಿಸಿದೆ. ಐದು. ಅಲ್ಲಿಗೆ ಮುಗಿಯಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದು ಜೀವದ ವಿಷಯ. ಮೊದಮೊದಲು ಬಂದ ಈ ಗಾಡಿಗಳಲ್ಲಿ ಮಾಮೂಲಿ ಸಣ್ಣ ಪಿಕಪ್ಪಿನ ಹಿಂದಿನ ಆಕ್ಸಲ್ (ಚಕ್ರಗಳ ಅಚ್ಚು) ಇತ್ತು. ಅದು ಹೊರಬೇಕಾದ್ದು ನಾಲ್ಕು ಮೂಟೆ ಸಾಮಾನು. ಮೇಲೆ ಕಟ್ಟಿದ್ದು ಇಡೀ ಮನೆ. ಆ ಆಕ್ಸಲ್‌ನಲ್ಲಿ ಚಕ್ರ ತಿರುಗಿಸುವ ದಂಡವೇ ಭಾರವನ್ನೂ ಹೊರುತ್ತದೆ. ಅದು ತುಂಡಾದರೆ ಚಕ್ರ ಕಳಚಿ ಹೋಗುತ್ತದೆ. ಕೆಲವದರಲ್ಲಿ ಅಡಾಪ್ಟರ್ ಹಾಕಿ ಹಿಂದೆ ಎರಡೆರಡು ಚಕ್ರ ಕೂರಿಸಿದ್ದಾರೆ. ನೋಡಲು ಗಟ್ಟಿ ಅನಿಸುತ್ತದೆ, ಆದರೆ ಆಕ್ಸಲ್ ಅದೇ. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆಯ ಮೂಲಕ ಇಂಥ ಗಾಡಿಗಳನ್ನು ವಾಪಸು ಕರೆಸಿ ಆಕ್ಸಲ್ ಬದಲಿಸುವ ಕೆಲಸವೂ ಆಯಿತು. ಎಲ್ಲ ಗಾಡಿಗಳೂ ಬರಲಿಲ್ಲ. 1980ರ ದಶಕದ ನಡುವಿನಿಂದ “ಒಂದು ಟನ್ನಿನದು” ಅನ್ನುವ ಗಟ್ಟಿ ಆಕ್ಸಲ್ ಬಂತು. ಅದರಲ್ಲಿ ಭಾರ ಹೊರುವುದು ಹೊರಗಿನ ಕವಚ, ದಂಡದ ಕೆಲಸ ಬರೀ ತಿರುಗಿಸುವುದು. ಗುರುತು ಸುಲಭ: ಹಿಂದಿನ ಚಕ್ರಕ್ಕೆ ಆರು ನಟ್, ನಡುವೆ ಹೊರಗೆ ಚಾಚಿದ ದಪ್ಪ ಗುಂಬ (ಹಬ್). ವರ್ಷ ನಂಬಬೇಡಿ, ಕೂತು ಎಣಿಸಿ. ಐದಿದ್ದರೆ ಎಷ್ಟೇ ಅಗ್ಗ ಕೊಟ್ಟರೂ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿ ಅದಲ್ಲ. ಆಕ್ಸಲ್ ಬದಲಿಸುವ ಖರ್ಚು ಸೇರಿಸಿ ಲೆಕ್ಕ ಹಾಕಿ, ಇಲ್ಲವೇ ಬಿಟ್ಟು ಬನ್ನಿ.

ಮೂರನೆಯದು ಸಾಂಟಾ ಕ್ರೂಜ್ ಹತ್ತಿರ. 1988ರ ಡಾಲ್ಫಿನ್, 21 ಅಡಿ, ಆರು ನಟ್. ಮಾರುವವರು ವಯಸ್ಸಾದ ದಂಪತಿ. ಇಪ್ಪತ್ತು ವರ್ಷದ ಬಿಲ್ಲುಗಳನ್ನು ಒಂದು ಫೈಲಿನಲ್ಲಿ ಇಟ್ಟಿದ್ದರು. ಎಂಜಿನ್ ಬಿಸಿ ಮಾಡಿಡಬೇಡಿ ಅಂತ ಮುಂಚೆಯೇ ಫೋನಿನಲ್ಲಿ ಹೇಳಿದ್ದೆ. ಹೋದವನು ಮೊದಲು ಬಾನೆಟ್ ಮುಟ್ಟಿ ನೋಡಿದೆ. ತಣ್ಣಗಿತ್ತು. ಈ ಎಂಜಿನ್ನಿನ ಒಂದು ದೌರ್ಬಲ್ಯ ತಣ್ಣಗಿದ್ದಾಗ ಮಾತ್ರ ಕೇಳಿಸುತ್ತದೆ. ಎಂಜಿನ್ನಿನ ಒಳಗೆ ಓಡುವ ಟೈಮಿಂಗ್ ಚೈನನ್ನು ಹಿಡಿದಿಡುವ ಪ್ಲಾಸ್ಟಿಕ್ ಗೈಡ್ ಸವೆದು ಮುರಿದರೆ ಚೈನು ಮುಂದಿನ ಕವಚಕ್ಕೆ ಉಜ್ಜುತ್ತದೆ. ಚಾಲೂ ಮಾಡಿದ ಮೊದಲ ಕೆಲವು ಕ್ಷಣ ಗಲಗಲ ಸದ್ದು. ಹಾಗೇ ಬಿಟ್ಟರೆ ಕವಚ ತೂತಾಗಿ ಕೂಲಂಟ್ (ಎಂಜಿನ್ ತಂಪು ಮಾಡುವ ದ್ರವ) ಆಯಿಲ್ಲಿಗೆ ಸೇರುತ್ತದೆ. ಆಯಿಲ್ ಮುಚ್ಚಳದ ಒಳಗೆ ಹಾಲು ಕಾಫಿಯ ಬಣ್ಣದ ನೊರೆ ಕಂಡರೆ ಅನುಮಾನ ಪಡಿ. ನನ್ನ ಗಾಡಿಯಲ್ಲಿ ನೊರೆ ಇರಲಿಲ್ಲ, ಗಲಗಲ ಇತ್ತು. ಗುರುತಿನ ಮೆಕ್ಯಾನಿಕ್ ಬಳಿ ಇನ್ನೂರು ಡಾಲರ್ ಕೊಟ್ಟು ಪೂರ್ತಿ ತಪಾಸಣೆ ಮಾಡಿಸಿದೆ. ಚೈನು, ಲೋಹದ ಬೆನ್ನಿರುವ ಹೊಸ ಗೈಡ್, ಕೂಲಿ ಸೇರಿ 1,400 ಆಗುತ್ತದೆ ಅಂದರು. ಆ ಚೀಟಿ ತೋರಿಸಿ 13,500 ಕೇಳುತ್ತಿದ್ದವರ ಹತ್ತಿರ 11,000ಕ್ಕೆ ಮಾತಾಡಿ ಕೊಂಡೆ. ಚೌಕಾಸಿಗಿಂತ ಚೀಟಿಗೆ ಬೆಲೆ ಜಾಸ್ತಿ.

ಟೈರುಗಳ ಗೀರು ಆಳವಾಗಿತ್ತು, ಸವೆದೇ ಇರಲಿಲ್ಲ. ಆದರೆ ಪಕ್ಕದಲ್ಲಿ ಡಿಒಟಿ (DOT) ಅಂತ ಬರೆದ ಸಾಲಿನ ಕೊನೆಯ ನಾಲ್ಕು ಅಂಕಿ 2309. ಅಂದರೆ 2009ನೇ ಇಸವಿಯ 23ನೇ ವಾರ. ಮೋಟರ್‌ಹೋಮ್ ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ, ಅದರ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ. ಆರೂ ಬದಲಿಸಿದೆ, 840 ಡಾಲರ್. ಹಿಂದಿನ ಜೋಡಿ ಚಕ್ರಗಳಲ್ಲಿ ಒಳಗಿನದನ್ನು ಓದಲು ಟಾರ್ಚ್ ಹಿಡಿದು ಕೆಳಗೆ ಮಲಗಬೇಕು. ಮಲಗಿ ಓದಿ.

ಕಾಗದಪತ್ರದ ವಿಷಯ ಚಿಕ್ಕದು. ಕ್ಯಾಲಿಫೋರ್ನಿಯಾದಲ್ಲಿ 1976ರಿಂದ ಈಚಿನ ಪೆಟ್ರೋಲ್ ಗಾಡಿಗೆ ಹೊಗೆ ತಪಾಸಣೆ ಆಗಲೇಬೇಕು. ಅದನ್ನು ಮಾಡಿಸಿ ಕೊಡುವುದು ಮಾರುವವರ ಜವಾಬ್ದಾರಿ, ಆ ಸರ್ಟಿಫಿಕೇಟ್ 90 ದಿನ ನಡೆಯುತ್ತದೆ. “ನೀವೇ ಮಾಡಿಸಿಕೊಳ್ಳಿ, ಬೆಲೆ ಇಳಿಸುತ್ತೇನೆ” ಅಂದರೆ ಒಪ್ಪಬೇಡಿ. ಕೊಂಡ ಮೇಲೆ ಹತ್ತು ದಿನದೊಳಗೆ ಹೆಸರು ಬದಲಾವಣೆಗೆ ಹಾಕಬೇಕು.

ಗ್ಯಾಸಿನ ವಿಷಯದಲ್ಲಿ ಮಾತ್ರ ಅವಸರ ಬೇಡ. ಮೊದಲ ರಾತ್ರಿ ಮಲಗುವ ಮುಂಚೆ ಪ್ರೊಪೇನ್ ಗ್ಯಾಸಿನ ಕೊಳವೆಯ ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ಅಂತ ನೋಡಿದೆ. ಒಲೆಯ ಹಿಂದಿನ ಒಂದು ಜೋಡಣೆಯಲ್ಲಿ ಸಣ್ಣ ಗುಳ್ಳೆ ಬಂತು. ಅವತ್ತು ಹೊರಡುವುದನ್ನು ನಿಲ್ಲಿಸಿದೆವು. ಗ್ಯಾಸ್ ಸೋರಿಕೆ ಮತ್ತು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ತಿಳಿಸುವ ಯಂತ್ರಗಳಿಗೂ ಆಯಸ್ಸು ಇದೆ, ಹಿಂಭಾಗದಲ್ಲಿ ತಾರೀಖು ಇರುತ್ತದೆ. ನಮ್ಮದರಲ್ಲಿ ಎರಡೂ ಮುಗಿದು ಎಷ್ಟೋ ವರ್ಷ ಆಗಿತ್ತು. ಆದರೂ ಪರೀಕ್ಷೆಯ ಬಟನ್ ಒತ್ತಿದರೆ ಚೆನ್ನಾಗಿಯೇ ಕೂಗುತ್ತಿದ್ದವು.

ಇನ್ನು ತೂಕ. ಬಾಗಿಲ ಬಳಿಯ ಫಲಕದಲ್ಲಿ 6,000 ಪೌಂಡ್ ಮೀರಬಾರದು ಅಂತಿದೆ, ಅಂದರೆ ಸುಮಾರು 2,720 ಕಿಲೋ. ಪ್ರಯಾಣಕ್ಕೆ ಎಲ್ಲ ತುಂಬಿಸಿ, ನಾಲ್ವರೂ ಕೂತು ಲಾರಿಗಳ ತೂಕದ ಕಟ್ಟೆಗೆ ಹೋದೆವು. 6,240 ಬಂತು. ವಾಪಸು ಬಂದು ಗ್ರೈಂಡರ್, ಎರಡು ಕುಕ್ಕರ್, ಅಕ್ಕಿಯ ದೊಡ್ಡ ಚೀಲ ಇಳಿಸಿದೆವು. ನೀರಿನ ಟ್ಯಾಂಕು ಮುಕ್ಕಾಲು ಖಾಲಿ ಮಾಡಿದೆವು. ಒಂದು ಗ್ಯಾಲನ್ ನೀರು ಎಂಟು ಪೌಂಡಿಗಿಂತ ಜಾಸ್ತಿ ತೂಗುತ್ತದೆ, ಕ್ಯಾಂಪಿನಲ್ಲಿ ನಲ್ಲಿ ಇದ್ದರೆ ಹೊತ್ತುಕೊಂಡು ಯಾಕೆ ಹೋಗಬೇಕು ಅಲ್ವಾ? ಗಿಲ್‌ರಾಯ್ ದಾಟಿ ಪಚೆಕೊ ಪಾಸ್ ಹತ್ತುವಾಗ ಎರಡನೇ ಗೇರಿನಲ್ಲಿ, ಬಲಗಡೆಯ ಸಾಲಿನಲ್ಲಿ, ಲಾರಿಗಳ ಹಿಂದೆ ಹೋದೆವು. ಆಗುಂಬೆ ಘಾಟಿ ಹತ್ತುವ ಬಸ್ಸಿನ ಹಾಗೆ. ಎಂಜಿನ್ ಶಾಖ ತೋರಿಸುವ ಮುಳ್ಳು ನಡುವೆಯೇ ನಿಂತಿತ್ತು. ಮೇಲಿಂದ ಸ್ಯಾನ್ ಲೂಯಿಸ್ ಜಲಾಶಯ ಕಂಡಾಗ ಮಕ್ಕಳು ಚಪ್ಪಾಳೆ ತಟ್ಟಿದರು.

ಇಷ್ಟೆಲ್ಲ ನೋಡಿ ಕೊಂಡರೂ ಫೆಬ್ರವರಿಯಲ್ಲಿ ಸೋರಿತು. ಕ್ಯಾಬಿನ ಮೇಲಿನ ಕಿಟಕಿಯ ಎಡ ಮೂಲೆಯಲ್ಲಿ ಹನಿ. ಕಿಟಕಿಯ ಸುತ್ತ ಸೀಲಂಟ್ (ಸಂದು ಮುಚ್ಚುವ ಅಂಟು) ಕೆರೆದು ಹೊಸದಾಗಿ ಹಚ್ಚಿದೆ. ಮತ್ತೆ ಹನಿ. ಆಗ ಅಪ್ಪಯ್ಯ ಊರಿಂದ ಬಂದಿದ್ದರು. ಊರಿನ ನಮ್ಮ ಮನೆಯದು ಹಂಚಿನ ಸೂರು. ಪ್ರತಿ ವರ್ಷ ಮಳೆಗೆ ಮುಂಚೆ ಹಂಚು ಕೈಯಾಡಿಸುವಾಗ ಕೆಳಗೆ ನಿಂತು, ಯಾವ ಹಂಚು ಒಡೆದಿದೆ ಅಂತ ಹೇಳುವುದು ಅವರೇ. ಒಳಗೆ ಕೂತು ಸ್ವಲ್ಪ ಹೊತ್ತು ಆ ಹನಿಯನ್ನೇ ನೋಡಿದರು. “ಮಾರಾಯ, ನೀರು ಬೀಳೋ ಜಾಗ ನೋಡ್ತಾ ಕೂತಿದ್ದೀಯ. ಅದು ಒಳಗೆ ಬರೋ ಜಾಗ ಬೇರೆ. ನಮ್ಮನೇಲಿ ಪಕಾಸಿ ಹಿಡ್ಕೊಂಡು ಎಷ್ಟು ದೂರ ಹರಿಯುತ್ತೆ, ನೆನಪಿಲ್ವಾ? ಮೇಲೆ ಹುಡುಕು,” ಅಂದರು.

ಮಳೆ ನಿಂತ ಮೇಲೆ ಅವರು ಒಳಗೆ ಟಾರ್ಚ್ ಹಿಡಿದು ಕೂತರು. ನಾನು ಏಣಿ ಹತ್ತಿ ಪೈಪಿನಲ್ಲಿ ನೀರು ಬಿಟ್ಟೆ. ಕೆಳಗಿನಿಂದ ಶುರು ಮಾಡಿ, ಒಂದೊಂದು ಜಾಗಕ್ಕೆ ಐದೈದು ನಿಮಿಷ. ಮೇಲಿಂದ ಬಿಟ್ಟರೆ ಎಲ್ಲ ಕಡೆ ಹರಿದು ಏನೂ ತಿಳಿಯುವುದಿಲ್ಲ. ಕಿಟಕಿಗೆ ಬಿಟ್ಟೆ, ಏನೂ ಇಲ್ಲ. ಮೂಲೆಯ ಪಟ್ಟಿಗೆ ಬಿಟ್ಟೆ, ಏನೂ ಇಲ್ಲ. ಗಾಡಿಯ ಹಣೆಯ ಮೇಲೆ ಸಾಲಾಗಿ ಐದು ಹಳದಿ ದೀಪಗಳಿವೆ. ನಡುವಿನ ದೀಪಕ್ಕೆ ಬಿಟ್ಟು ಎರಡು ನಿಮಿಷ ಆಗಿರಲಿಲ್ಲ. “ಬಂತು!” ಅಂತ ಒಳಗಿಂದ ಕೂಗಿದರು. ದೀಪ ಬಿಚ್ಚಿದರೆ ಹಿಂದಿನ ರಬ್ಬರು ಪುಡಿಯಾಗಿತ್ತು. ತಂತಿ ಹೋಗುವ ತೂತಿನಿಂದ ನೀರು ಒಳಗಿಳಿದು, ಚೌಕಟ್ಟಿನ ಮರದ ಮೇಲೆ ಎರಡಡಿ ಹರಿದು ಕಿಟಕಿಯ ಮೂಲೆಗೆ ಬರುತ್ತಿತ್ತು. ಐದೂ ದೀಪ ಬಿಚ್ಚಿ, ಹಳೇ ಅಂಟು ಕೆರೆದು, ನೀರು ತಡೆಯುವ ಬ್ಯೂಟೈಲ್ ಟೇಪ್ ಹಾಕಿ ಕೂರಿಸಿದೆ. ನೆನೆದ ಮರದಲ್ಲಿ ಮೀಟರ್ 24 ತೋರಿಸುತ್ತಿತ್ತು. ಫ್ಯಾನ್ ಹಚ್ಚಿ ಎರಡು ವಾರ ಒಣಗಿಸಿದೆ. 13ಕ್ಕೆ ಇಳಿಯಿತು. ಮರ ಇನ್ನೂ ಗಟ್ಟಿ ಇತ್ತು.

ಈಗ ಪ್ರತಿ ಅಕ್ಟೋಬರಿನಲ್ಲಿ, ಇಲ್ಲಿಯ ಮಳೆ ಶುರುವಾಗುವ ಮುಂಚೆ, ಏಣಿ ಇಟ್ಟು ಗಾಡಿಯ ಸೂರು ನೋಡುತ್ತೇನೆ. ಬಿರುಕು ಬಿಟ್ಟ ಕಡೆ ಸೀಲಂಟ್ ಹಚ್ಚುತ್ತೇನೆ. ಅವತ್ತು ಅಪ್ಪಯ್ಯ ಫೋನ್ ಮಾಡಿ “ಮೇಲೆ ಹತ್ತಿದ್ಯಾ?” ಅಂತ ಕೇಳುತ್ತಾರೆ. ಫ್ರಿಜ್ಜು ಗ್ಯಾಸಿನಲ್ಲಿ ಇನ್ನೂ ಸರಿಯಾಗಿ ತಣ್ಣಗಾಗುತ್ತಿಲ್ಲ. ಸದ್ಯಕ್ಕೆ ಐಸ್ ಪೆಟ್ಟಿಗೆಯಲ್ಲಿ ಮೊಸರು ಇಟ್ಟುಕೊಂಡು ಹೋಗುತ್ತಿದ್ದೇವೆ.