ಅಲಾಯ್ ವೀಲ್ ಮೇಲಿನ ಹಠಮಾರಿ ಕೊಳೆ: ತಿಕ್ಕುವ ಮೊದಲು ಅದು ಏನು ಅಂತ ನೋಡಿ

ನಮ್ಮ ಚಿಕ್ಕಮಗಳೂರು ಕಡೆ ಕಾರು ಇಟ್ಟುಕೊಂಡವರಿಗೆ ಚಕ್ರದ ಕೊಳೆ ಹೊಸದೇನಲ್ಲ. ಮೂಡಿಗೆರೆ ಕಡೆ ತೋಟಕ್ಕೆ ಹೋಗಿ ಬಂದರೆ ಕೆಮ್ಮಣ್ಣು, ರಸ್ತೆ ಕೆಲಸ ನಡೆಯುವ ಕಡೆ ಹಾದು ಬಂದರೆ ಡಾಂಬರು, ಚಾರ್ಮಾಡಿ ಇಳಿದು ಬಂದರೆ ಬ್ರೇಕಿನ ಕರಿ ಪುಡಿ. ಮೂರೂ ಸೇರಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬೆಳ್ಳಿ ಬಣ್ಣದ ವೀಲ್ ಕಂದು ಬಣ್ಣಕ್ಕೆ ತಿರುಗಿರುತ್ತದೆ.

ಮೂರು ವರ್ಷದ ಹಿಂದೆ ನಾನು ಇದನ್ನೆಲ್ಲ ಯೋಚಿಸದೆ ಕಾರನ್ನು ಒಂದು ವಾಟರ್ ಸರ್ವಿಸ್‌ಗೆ ಕೊಟ್ಟೆ. ಅಲ್ಲಿನ ಹುಡುಗ ಒಂದು ಬಾಟಲಿಯಿಂದ ಏನೋ ಚಿಮುಕಿಸಿದ, ಬುಸ್ಸೆಂದು ನೊರೆ ಎದ್ದಿತು, ನೀರು ಹೊಡೆದ ಮೇಲೆ ವೀಲ್ ಫಳಫಳ ಹೊಳೆಯಿತು. ನನಗೂ ಖುಷಿಯಾಯಿತು. ಎರಡು ವಾರ ಕಳೆದ ಮೇಲೆ ವೀಲ್‌ನ ಕಡ್ಡಿಗಳ (ಸ್ಪೋಕ್) ಅಂಚಿನಲ್ಲಿ ಬಿಳಿ ಮಚ್ಚೆ ಕಾಣಿಸಿತು, ಆಮೇಲೆ ಮೇಲಿನ ಲ್ಯಾಕರ್ ಬಿಸಿಲಿಗೆ ಸುಲಿದ ಚರ್ಮದ ಹಾಗೆ ಏಳತೊಡಗಿತು. ಅವನು ಹಾಕಿದ್ದು ಆಸಿಡ್. ನಾಲ್ಕು ವೀಲ್‌ಗೂ ಮತ್ತೆ ಬಣ್ಣ ಹೊಡೆಸಬೇಕಾಯಿತು. ನಿಮಗೆ ಹಾಗಾಗದಿರಲಿ ಅಂತಲೇ ಇಷ್ಟು ಬರೆಯುತ್ತಿದ್ದೇನೆ.

ಅಲಾಯ್ ವೀಲ್ ಅಂದರೆ ಹೆಚ್ಚಾಗಿ ಅಲ್ಯೂಮಿನಿಯಂ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಣಸೆಹುಳಿ ಹಾಕಿದ ಸಾರು ಇಡಬೇಡಿ ಅಂತ ಮನೆಯಲ್ಲಿ ಹೇಳುತ್ತಾರಲ್ಲ, ಕಾರಣ ಅದೇ. ಹುಳಿ ಅದನ್ನು ತಿನ್ನುತ್ತದೆ. ವಾಷಿಂಗ್ ಸೋಡಾದಂಥ ಕ್ಷಾರವೂ ತಿನ್ನುತ್ತದೆ. ಹಾಗಾಗಿ ವೀಲ್ ಮೇಲೆ ಬಣ್ಣ, ಅದರ ಮೇಲೆ ಗಾಜಿನಂಥ ತೆಳು ಲ್ಯಾಕರ್ ಹೊಡೆದಿರುತ್ತಾರೆ. ನಾವು ತೊಳೆಯುವುದು ಆ ಲ್ಯಾಕರನ್ನೇ. ಅದು ಉಳಿದರೆ ವೀಲ್ ಉಳಿಯಿತು. ಟಾಯ್ಲೆಟ್ ತೊಳೆಯುವ ಆಸಿಡ್, ಕಾಸ್ಟಿಕ್ ಸೋಡಾ, ಥಿನ್ನರ್, ಸ್ಟೀಲ್ ಸ್ಕ್ರಬ್ಬರ್, ತಂತಿ ಬ್ರಷ್, ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್, ತೆಂಗಿನ ನಾರು, ಇವು ಯಾವುದನ್ನೂ ಹತ್ತಿರ ತರಬೇಡಿ. ನಾರು ಮೆತ್ತಗಿದೆ ಅನಿಸಬಹುದು. ಬಿಸಿಲಿನಲ್ಲಿ ಓರೆಯಾಗಿ ನೋಡಿ, ಎಷ್ಟು ಗೀರು ಬಿದ್ದಿದೆ ಅಂತ ಗೊತ್ತಾಗುತ್ತದೆ.

ನಿಮ್ಮ ವೀಲ್‌ಗೆ ಲ್ಯಾಕರ್ ಇದೆಯೋ ಇಲ್ಲವೋ ಅನುಮಾನವಿದ್ದರೆ ಒಂದು ಸುಲಭ ಪರೀಕ್ಷೆ ಇದೆ. ಕಣ್ಣಿಗೆ ಬೀಳದ ಜಾಗದಲ್ಲಿ ಒಂದು ತೊಟ್ಟು ಮೆಟಲ್ ಪಾಲಿಶ್ ಹಾಕಿ ಬಿಳಿ ಬಟ್ಟೆಯಿಂದ ಮೆಲ್ಲಗೆ ಉಜ್ಜಿ. ಬಟ್ಟೆ ಕಪ್ಪಾದರೆ ಅದು ಬರೀ ಲೋಹ. ಬೆಳ್ಳಗೇ ಉಳಿದರೆ ಮೇಲೆ ಲ್ಯಾಕರ್ ಇದೆ. ಮೊದಲು ಆ ಜಾಗವನ್ನು ತೊಳೆದು ಒರೆಸಿರಬೇಕು, ಇಲ್ಲದಿದ್ದರೆ ಕೊಳೆಗೇ ಬಟ್ಟೆ ಕಪ್ಪಾಗುತ್ತದೆ.

ಇನ್ನು ಕೆಲಸಕ್ಕೆ ಬರೋಣ. ವೀಲ್ ಪೂರ್ತಿ ತಣ್ಣಗಿರಬೇಕು. ಮುಳ್ಳಯ್ಯನಗಿರಿ ಇಳಿದು ಕೈಮರಕ್ಕೆ ಬರುವಷ್ಟರಲ್ಲಿ ಬ್ರೇಕ್ ಎಷ್ಟು ಕಾದಿರುತ್ತದೆ ಅಂತ ಮೂಗಿಗೇ ಗೊತ್ತಾಗುತ್ತದೆ. ಆಗ ತಣ್ಣೀರು ಸುರಿದರೆ ಡಿಸ್ಕ್ ಡೊಂಕಾಗುವ ಸಾಧ್ಯತೆ ಇದೆ, ಕ್ಲೀನರ್ ಹಾಕಿದರೆ ಅಲ್ಲೇ ಒಣಗಿ ಕಲೆ ಕೂರುತ್ತದೆ. ಬೆಳಗ್ಗೆ, ನೆರಳಿನಲ್ಲಿ, ಒಂದು ವೀಲ್ ಮುಗಿಸಿ ಇನ್ನೊಂದಕ್ಕೆ ಹೋಗಿ. ವೀಲ್‌ಗೆ ಬೇರೆ ಬಕೆಟ್, ಬೇರೆ ಬಟ್ಟೆ ಇಡಿ. ವೀಲ್ ಒರೆಸಿದ ಬಟ್ಟೆಯಿಂದ ಬಾನೆಟ್ ಒರೆಸಿದರೆ ಬ್ರೇಕಿನ ಕಬ್ಬಿಣದ ಪುಡಿಯಿಂದಲೇ ಬಣ್ಣ ಗೀಚಿದ ಹಾಗೆ.

ಮೊದಲು ಮಣ್ಣು. ಒಣಗಿದ ಕೆಮ್ಮಣ್ಣನ್ನು ಉಜ್ಜಬಾರದು. ಅದರಲ್ಲಿ ಮರಳಿರುತ್ತದೆ, ಉಪ್ಪುಕಾಗದದಷ್ಟೇ ಕೆಲಸ ಮಾಡುತ್ತದೆ. ನೀರು ಹೊಡೆದು ಹತ್ತು ನಿಮಿಷ ನೆನೆಯಲು ಬಿಡಿ, ಮತ್ತೆ ನೀರು ಹೊಡೆಯಿರಿ, ಅರ್ಧ ತಾನಾಗೇ ಇಳಿದು ಹೋಗುತ್ತದೆ. ಪ್ರೆಶರ್ ವಾಷರ್ ಇದ್ದರೆ ಒಂದು ಅಡಿ ದೂರದಿಂದ ಹಿಡಿಯಿರಿ. ಲ್ಯಾಕರ್ ಎಲ್ಲಾದರೂ ಚೂರು ಎದ್ದಿದ್ದರೆ ಹತ್ತಿರದ ಹೊಡೆತಕ್ಕೆ ಪೂರ್ತಿ ಏಳುತ್ತದೆ. ಆಮೇಲೆ ಕಾರ್ ಶಾಂಪೂ ನೀರು, ಮೃದುವಾದ ಹಳೆ ಪೇಂಟ್ ಬ್ರಷ್. ಬ್ರಷ್ಷಿನ ತಗಡಿನ ಪಟ್ಟಿಗೆ ಇನ್ಸುಲೇಶನ್ ಟೇಪ್ ಸುತ್ತಿಕೊಳ್ಳಿ, ಇಲ್ಲದಿದ್ದರೆ ಅದೇ ಗೀಚುತ್ತದೆ. ನಟ್ಟುಗಳ ಗುಳಿಗೆ ಮೆತ್ತನೆ ಟೂತ್‌ಬ್ರಷ್ ಸಾಕು.

ವೀಲ್‌ನ ಒಳಭಾಗವನ್ನು ಮರೆಯಬೇಡಿ. ಹೋದ ಮಳೆಗಾಲದಲ್ಲಿ ತೋಟದಿಂದ ಬಂದ ಮಾರನೇ ದಿನ ಬೇಲೂರು ದಾಟಿ ಹಾಸನದ ಕಡೆ ಹೋಗುವಾಗ 70 ದಾಟಿದರೆ ಸಾಕು, ಸ್ಟೀರಿಂಗ್ ನಡುಗುತ್ತಿತ್ತು. ಬ್ಯಾಲೆನ್ಸಿಂಗ್ ಹೋಗಿದೆ ಅಂದುಕೊಂಡೆ. ಗಾಡಿ ನಿಲ್ಲಿಸಿ ಬಗ್ಗಿ ನೋಡಿದರೆ, ರಿಮ್ಮಿನ ಒಳಗೆ ಒಂದೇ ಕಡೆ ಮುಷ್ಟಿಯಷ್ಟು ಮಣ್ಣು ಮೆತ್ತಿಕೊಂಡು ಇಟ್ಟಿಗೆಯ ಹಾಗೆ ಗಟ್ಟಿಯಾಗಿತ್ತು. ನೆನೆಸಿ ಮರದ ಕಡ್ಡಿಯಿಂದ ಬಿಡಿಸಿದೆ, ನಡುಕ ನಿಂತಿತು. ಒಂದು ಪೈಸೆ ಖರ್ಚಾಗಲಿಲ್ಲ.

ಮಣ್ಣು ಹೋದ ಮೇಲೆ ಉಳಿಯುವುದೇ ನಿಜವಾದ ಹಠಮಾರಿ ಕೊಳೆ. ಬೆರಳಿನಿಂದ ಸವರಿ ನೋಡಿ. ಉಬ್ಬಿದ ಕಪ್ಪು ಚುಕ್ಕೆ, ಒತ್ತಿದರೆ ಸ್ವಲ್ಪ ಮೆತ್ತಗಿದ್ದರೆ ಡಾಂಬರು. ಮೈಯೆಲ್ಲ ತರಿತರಿ, ಕಂದು ಬಣ್ಣದ ಸಣ್ಣ ಚುಕ್ಕೆಗಳಿದ್ದರೆ ಬ್ರೇಕ್ ಪುಡಿ. ಬಿಳಿ ವೃತ್ತಗಳಿದ್ದರೆ ಬೋರ್‌ವೆಲ್ ನೀರಿನ ಕಲೆ ಅಥವಾ ಸುಣ್ಣ. ಒಂದಕ್ಕೆ ಹಾಕುವ ಮದ್ದು ಇನ್ನೊಂದಕ್ಕೆ ಕೆಲಸ ಮಾಡುವುದಿಲ್ಲ. ಎಷ್ಟೋ ಜನ ಶಾಂಪೂ ಹಾಕಿ ಡಾಂಬರನ್ನು ಒಂದು ಗಂಟೆ ತಿಕ್ಕುತ್ತಾರೆ, ಹೋಗದಿದ್ದಾಗ ಸಿಟ್ಟಿನಿಂದ ಸ್ಟೀಲ್ ಸ್ಕ್ರಬ್ಬರ್ ಎತ್ತಿಕೊಳ್ಳುತ್ತಾರೆ. ವೀಲ್ ಹಾಳಾಗುವುದು ಹೆಚ್ಚಾಗಿ ಅಲ್ಲೇ.

ಡಾಂಬರಿಗೆ ಬೇಕಿರುವುದು ಎಣ್ಣೆ. ಹಲಸಿನಹಣ್ಣು ಬಿಡಿಸುವಾಗ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತೇವೆ ಅಲ್ವಾ, ಎಷ್ಟು ನೀರು ಹಾಕಿ ತೊಳೆದರೂ ಹೋಗದ ಮೇಣ ಎಣ್ಣೆಗೆ ಜಾರುತ್ತದೆ, ಇದೂ ಹಾಗೇ. ಟಾರ್ ರಿಮೂವರ್ ಸಿಕ್ಕಿದರೆ ಒಳ್ಳೆಯದು, ಇಲ್ಲದಿದ್ದರೆ ತುಕ್ಕು ಹಿಡಿದ ನಟ್ಟು ಬಿಡಿಸಲು ಹೊಡೆಯುವ ಡಬ್ಲ್ಯೂಡಿ-40 ಅಥವಾ ಸ್ವಲ್ಪ ಸೀಮೆಎಣ್ಣೆ. ನೇರ ಸುರಿಯಬೇಡಿ. ಹತ್ತಿಗೆ ಅದ್ದಿ ಚುಕ್ಕೆಯ ಮೇಲೆ ಒಂದೆರಡು ನಿಮಿಷ ಒತ್ತಿ ಇಡಿ. ಹತ್ತಿ ಎತ್ತಿದಾಗ ಚುಕ್ಕೆಯ ಅಂಚು ಕರಗಿ ಕಾಫಿ ಡಿಕಾಕ್ಷನ್ ಬಣ್ಣದ ಗೆರೆ ಕೆಳಗೆ ಇಳಿಯುವುದು ಕಾಣುತ್ತದೆ. ಆಗ ಒಂದೇ ದಿಕ್ಕಿನಲ್ಲಿ ಒರೆಸಿ. ಪೂರ್ತಿ ಹೋಗದಿದ್ದರೆ ಹೊಸ ಹತ್ತಿ ಹಿಡಿದು ಮತ್ತೆ ಮಾಡಿ, ಉಗುರು ಹಾಕಬೇಡಿ. ಮುಗಿದ ಮೇಲೆ ಶಾಂಪೂ ನೀರಿನಿಂದ ಆ ಜಾಗ ತೊಳೆಯಿರಿ. ಟೈರಿನ ರಬ್ಬರಿಗೆ ಸೀಮೆಎಣ್ಣೆ ಒಳ್ಳೆಯದಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬ್ರೇಕ್ ಡಿಸ್ಕಿಗೆ, ಪ್ಯಾಡಿಗೆ ಎಣ್ಣೆ ಅಂಶ ತಗುಲಲೇಬಾರದು. ಡಬ್ಲ್ಯೂಡಿ-40ಯನ್ನು ಕಡ್ಡಿಗಳ ಸಂದಿಯಲ್ಲಿ ಸ್ಪ್ರೇ ಮಾಡಿದರೆ ಹಿಂದಿರುವ ಡಿಸ್ಕಿಗೆ ಬೀಳುತ್ತದೆ, ಆಮೇಲೆ ಬ್ರೇಕ್ ಹಿಡಿಯುವುದಿಲ್ಲ. ನಮ್ಮ ಘಾಟಿ ರಸ್ತೆಗಳಲ್ಲಿ ಅದು ಜೀವದ ಪ್ರಶ್ನೆ. ಯಾವಾಗಲೂ ಬಟ್ಟೆಗೆ ಅಥವಾ ಹತ್ತಿಗೆ ಹಾಕಿಕೊಂಡೇ ಹಚ್ಚಿ.

ಚಕ್ರ ನಡುಗದೆ ತಿರುಗಲಿ ಅಂತ ರಿಮ್ಮಿಗೆ ಅಂಟಿಸುವ ಬ್ಯಾಲೆನ್ಸಿಂಗ್ ತೂಕ ಇರುತ್ತದಲ್ಲ, ಹಳೆಯದನ್ನು ಕಿತ್ತ ಜಾಗದ ಗಮ್ ಕೂಡ ಡಾಂಬರಿನ ಜಾತಿಯೇ. ಹೇರ್ ಡ್ರೈಯರ್‌ನಿಂದ ಸ್ವಲ್ಪ ಬೆಚ್ಚಗೆ ಮಾಡಿ, ಹಳೆ ಎಟಿಎಂ ಕಾರ್ಡಿನಿಂದ ತಳ್ಳಿ, ಉಳಿದದ್ದಕ್ಕೆ ಎಣ್ಣೆ. ಈಗ ಅಂಟಿಕೊಂಡಿರುವ ತೂಕವನ್ನು ಮಾತ್ರ ಮುಟ್ಟಬೇಡಿ.

ಬ್ರೇಕ್ ಪುಡಿಯ ಕಥೆ ಬೇರೆ. ಪ್ಯಾಡ್ ಡಿಸ್ಕನ್ನು ಉಜ್ಜಿದಾಗ ಕಬ್ಬಿಣದ ಬಿಸಿ ಕಣಗಳು ಹಾರಿ ಲ್ಯಾಕರಿನೊಳಗೆ ಚುಚ್ಚಿಕೊಳ್ಳುತ್ತವೆ, ಅಲ್ಲೇ ತುಕ್ಕು ಹಿಡಿಯುತ್ತವೆ. ತಿಕ್ಕಿದರೆ ತಲೆ ಹೋಗುತ್ತದೆ, ಬೇರು ಉಳಿಯುತ್ತದೆ. ಇದಕ್ಕೆ ಐರನ್ ರಿಮೂವರ್ ಅಂತ ಬರುತ್ತದೆ, ಆಸಿಡ್ ಇಲ್ಲದ ಪಿಎಚ್ ನ್ಯೂಟ್ರಲ್ ಎಂದು ಬರೆದಿರುವುದನ್ನೇ ತೆಗೆದುಕೊಳ್ಳಿ. ಕೈಗೆ ಗ್ಲೌಸ್ ಹಾಕಿ, ಗಾಳಿ ಆಡುವ ಕಡೆ ನಿಂತು, ತಣ್ಣಗಿನ ಒಣ ವೀಲ್ ಮೇಲೆ ಸ್ಪ್ರೇ ಮಾಡಿ. ಒಂದೆರಡು ನಿಮಿಷದಲ್ಲಿ ನೇರಳೆ ಹಣ್ಣಿನ ರಸದ ಬಣ್ಣ ಇಳಿಯತೊಡಗುತ್ತದೆ. ಅದರಲ್ಲಿರುವ ಥಯೋಗ್ಲೈಕೋಲೇಟ್ ಕಬ್ಬಿಣದ ಜೊತೆ ಸೇರಿ ಬರುವ ಬಣ್ಣ ಅದು. ಕೊಳೆತ ಮೊಟ್ಟೆಯಂಥ ವಾಸನೆಯೂ ಬರುತ್ತದೆ, ಕೂದಲು ತೆಗೆಯುವ ಕ್ರೀಮಿನಲ್ಲೂ ಇದೇ ಜಾತಿಯ ರಾಸಾಯನಿಕ ಇರುವುದರಿಂದ ವಾಸನೆಯ ಗುರುತು ಸಿಗಬಹುದು. ಬಾಟಲಿಯಲ್ಲಿ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ ಮೂರರಿಂದ ಐದು ನಿಮಿಷ ಬಿಟ್ಟು, ಒಣಗುವ ಮೊದಲೇ ಬ್ರಷ್ ಆಡಿಸಿ ಚೆನ್ನಾಗಿ ನೀರು ಹೊಡೆಯಿರಿ. ಬೇರೆ ಯಾವ ಕ್ಲೀನರ್ ಜೊತೆಗೂ ಬೆರೆಸಬೇಡಿ. ವರ್ಷಗಟ್ಟಲೆ ಕೂತ ಪುಡಿಯಾದರೆ ಎರಡು ಮೂರು ಸಲ ಬೇಕಾಗಬಹುದು. ಆಮೇಲೂ ತರಿತರಿ ಇದ್ದರೆ ಶಾಂಪೂ ನೀರು ಧಾರಾಳವಾಗಿ ಹಾಕಿಕೊಂಡು ಕ್ಲೇ ಬಾರ್ (ಅಂಟಿದ ಕಣಗಳನ್ನು ಎತ್ತುವ ಮೆತ್ತನೆ ಜೇಡಿಯಂಥ ತುಂಡು) ಮೆಲ್ಲಗೆ ಆಡಿಸಿ. ಕ್ಲೇ ಕೆಳಗೆ ಬಿದ್ದರೆ ಎಸೆದುಬಿಡಿ, ಹಿಡಿದ ಮರಳು ಗೀಚುತ್ತದೆ.

ಬಿಳಿ ಕಲೆಗೆ ಒಂದು ಪಾಲು ವಿನೆಗರ್, ನಾಲ್ಕು ಪಾಲು ನೀರು. ಬಟ್ಟೆಯಲ್ಲಿ ಅದ್ದಿ ಒರೆಸಿ, ಒಂದು ನಿಮಿಷದೊಳಗೆ ತೊಳೆಯಿರಿ. ಇದೂ ಹುಳಿಯೇ, ಹಾಗಾಗಿ ಲ್ಯಾಕರ್ ಇಲ್ಲದ ವೀಲ್‌ಗೆ ಬೇಡ. ಮಳೆಗಾಲದ ಮುಂಚೆ ಕಾಫಿ ತೋಟದಲ್ಲಿ ಗಿಡಗಳ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ಗಾಡಿ ಅಲ್ಲೇ ನಿಲ್ಲಿಸುವವರು ಸ್ವಲ್ಪ ಜಾಗ್ರತೆ. ಅದರಲ್ಲಿ ಮೈಲುತುತ್ತ, ಸುಣ್ಣ ಎರಡೂ ಇರುತ್ತವೆ, ತಾಮ್ರದ ಅಂಶ ಬರೀ ಅಲ್ಯೂಮಿನಿಯಂ ಮೇಲೆ ಕೂತರೆ ತಿನ್ನುತ್ತದೆ. ಅವತ್ತೇ ಸಂಜೆ ಬರೀ ನೀರಿನಲ್ಲಿ ತೊಳೆದರೂ ಸಾಕು.

ಲ್ಯಾಕರಿನ ಕೆಳಗೆ ಜೇಡರ ಬಲೆಯಂಥ ಬಿಳಿ ಎಳೆಗಳು ಕಂಡರೆ ಅದು ಕೊಳೆಯಲ್ಲ, ಲೋಹವೇ ತಿಂದು ಹೋಗಿರುವುದು. ಎಷ್ಟು ತೊಳೆದರೂ ಹೋಗುವುದಿಲ್ಲ, ಸುಮ್ನೆ ತಿಕ್ಕಬೇಡಿ. ವೀಲ್ ರಿಪೇರಿ ಮಾಡುವವರು ಲ್ಯಾಕರ್ ತೆಗೆದು ಹೊಸದಾಗಿ ಹೊಡೆಯಬೇಕು. ಡೈಮಂಡ್ ಕಟ್ ವೀಲ್ (ಮುಖವನ್ನು ಲೇತ್ ಮೇಲೆ ಕೆತ್ತಿ ಹೊಳಪು ತಂದದ್ದು) ಆದರೆ ಲೇತ್ ಮೇಲೆ ಮತ್ತೆ ಕೆತ್ತುತ್ತಾರೆ, ಪ್ರತಿ ಸಲ ಲೋಹ ತೆಳುವಾಗುವುದರಿಂದ ಅದನ್ನು ಜಾಸ್ತಿ ಸಲ ಮಾಡಿಸಲು ಆಗುವುದಿಲ್ಲ.

ಎಲ್ಲ ತೊಳೆದು ಮೈಕ್ರೋಫೈಬರ್ ಬಟ್ಟೆಯಿಂದ ಒಣಗಿಸಿ, ಕಾರ್ ವ್ಯಾಕ್ಸ್ ಅಥವಾ ವೀಲ್ ಸೀಲಂಟ್ ತೆಳುವಾಗಿ ಹಚ್ಚಿ. ಮುಂದಿನ ಸಲ ಅರ್ಧ ಕೊಳೆ ನೀರಿಗೇ ಜಾರುತ್ತದೆ. ಘಾಟಿ ಇಳಿಯುವಾಗ ಎರಡನೇ ಗೇರಿನಲ್ಲಿ ಇಳಿದರೆ ಬ್ರೇಕ್ ಪುಡಿಯೂ ಕಡಿಮೆ. ತೊಳೆದ ಕೂಡಲೇ ಗಾಡಿ ತೆಗೆಯುವುದಾದರೆ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಹೋಗುತ್ತಾ ಎರಡು ಮೂರು ಸಲ ಮೆಲ್ಲಗೆ ಬ್ರೇಕ್ ಒತ್ತಿ, ಡಿಸ್ಕಿನ ನೀರು ಆರಲಿ. ತೊಳೆದು ಹಾಗೇ ನಿಲ್ಲಿಸಿದರೆ ಬೆಳಗ್ಗೆ ಡಿಸ್ಕ್ ಮೇಲೆ ಕಿತ್ತಳೆ ಬಣ್ಣದ ತುಕ್ಕು ಕಾಣಬಹುದು. ಗಾಬರಿಯಾಗಿ ಅದಕ್ಕೆ ಎಣ್ಣೆ ಗಿಣ್ಣೆ ಹಚ್ಚಲು ಹೋಗಬೇಡಿ. ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ.